ಮೂರು ಹೆಸರಿನ ಬಸ್ಸು

ಮೊನ್ನೆ ಎನ್.ಆರ್.ಪುರದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಆ ದಿನದ ಪೇಪರ್ ಬಿಡಿಸಿದೆ. ಮಸಿಯ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಮಾರುತ್ತಿದ್ದ ‘ಪೇಪರ್ ಮಾವ’ ಕಣ್ಣೆದುರು ಬಂದು ನಿಂತರು. ಆಗಷ್ಟೇ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಮೂರು ಪಟ್ಟಿ ಕೊಟ್ಟು, ಮೂರರಲ್ಲೂ ಇರುವುದನ್ನು ಹುಡುಕಿ ತೆಗೆಯುವುದು ಹೇಗೆಂದು ಹೇಳಿಕೊಟ್ಟು ಬಂದಿದ್ದೆ. ನನಗೆ ಆ ಪಾಠ ಮಾಡಿದವರು ಅವರು. ಕಂಪ್ಯೂಟರನ್ನು ಕೈಯಲ್ಲಿ ಮುಟ್ಟಿದವರಲ್ಲ.

ನಮ್ಮೂರು ಕೆರೆಕಟ್ಟೆ. ಕಂಪ್ಯೂಟರ್ ಡಿಗ್ರಿಗೆ ಸೀಟು ಸಿಕ್ಕಿದ್ದು ಕೊಪ್ಪದಲ್ಲಿ. ಹಾಸ್ಟೆಲ್ ಅಂದರೆ ಅಪ್ಪಯ್ಯ ಮುಖ ತಿರುಗಿಸುತ್ತಿದ್ದರು. “ಸಂಜೆ ಮನೆ ಸೇರೋಕೆ ಬಸ್ಸಿದ್ರೆ ಓದು, ಇಲ್ದಿದ್ರೆ ಬೇಡ” ಅಂದುಬಿಟ್ಟಿದ್ದರು. ಶೃಂಗೇರಿಯಿಂದ ನಮ್ಮೂರ ಕಡೆಗೆ ಕೊನೆಯ ಬಸ್ಸು ಐದೂ ಕಾಲಿಗೆ. ಕಾಲೇಜು ಬಿಟ್ಟ ಮೇಲೆ ಕೊಪ್ಪದಲ್ಲಿ ಸಿಗುವ ಬಸ್ಸು ಶೃಂಗೇರಿ ಮುಟ್ಟುವುದು ಐದೂವರೆಗೆ. ಹಾಳಾದ್ದು, ಬರೀ ಕಾಲು ಗಂಟೆ! ಅಡ್ಮಿಷನ್ನಿಗೆ ಉಳಿದದ್ದು ನಾಲ್ಕೇ ದಿನ.

ಅರ್ಜಿ ತುಂಬಲು ಪೆನ್ನು ಕೊಳ್ಳಲು ಹೋದವಳು ಪೇಪರ್ ಮಾವನ ಅಂಗಡಿಯೆದುರು ಬಸ್ಸಿನ ಕತೆ ಹೇಳಿ ಅತ್ತೇಬಿಟ್ಟೆ. ಅವರಿಗೋ ಬಸ್ಸಿನ ಹುಚ್ಚು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು ಅಂತ ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುವುದೇ ಕೆಲಸ.

“ಅಳ್ಬೇಡ ಮಾರಾಯ್ತಿ. ಮೂರು ಊರಿನ ಸ್ಟ್ಯಾಂಡಿಂದೂ ಬರೆಸಿ ನೋಡುವ. ಶನಿವಾರ ಬಾ” ಅಂದರು.

ಶೃಂಗೇರಿಯಲ್ಲಿ ಹೋಟೆಲಿಟ್ಟಿದ್ದ ಅವರ ಭಾವನಿಗೆ ಒಂದು ಫೋನು, ಎನ್.ಆರ್.ಪುರದ ಗೆಳೆಯರಿಗೆ ಇನ್ನೊಂದು. ಜನ ಬಸ್ಸನ್ನು ಏನಂತ ಕರೆಯುತ್ತಾರೆ, ಟೈಮೆಷ್ಟು, ಹಿಂದಿನ ಪ್ಲೇಟಿನ ನಂಬರೇನು, ಎಲ್ಲ ಬರೆದುಕೊಳ್ಳಬೇಕೆಂದು ತಾಕೀತು ಮಾಡಿದ್ದರಂತೆ.

ಶನಿವಾರ ಅಪ್ಪಯ್ಯನನ್ನೂ ಹೊರಡಿಸಿಕೊಂಡು ಹೋದೆ. ಅಂದೇ ಕೊನೆಯ ದಿನ. ಪೇಪರ್ ಕಟ್ಟುಗಳ ಮೇಲೆ ಕ್ಯಾಲೆಂಡರ್ ಹಾಳೆ ಹರಡಿತ್ತು, ಮೂರು ಊರಿಗೆ ಮೂರು ಕಾಲಮ್ಮು. ನಾನು ಹೆಸರುಗಳನ್ನೇ ಹುಡುಕಿದೆ. ಎನ್.ಆರ್.ಪುರದಲ್ಲಿ ‘ಮೂರೂ ಕಾಲರ ಬಸ್ಸು’, ಕೊಪ್ಪದಲ್ಲಿ ‘ಶೃಂಗೇರಿ ಬಸ್ಸು’, ಶೃಂಗೇರಿಯಲ್ಲಿ ನಮ್ಮೂರ ಕಡೆಯ ಕೊನೆಯ ಬಸ್ಸು ‘ಮೀನು ಬಸ್ಸು’. ಬೆಳಿಗ್ಗೆ ಕಾರ್ಕಳದಿಂದ ಮೀನುಬುಟ್ಟಿ ಹೊತ್ತು ಘಾಟಿ ಹತ್ತುತ್ತಿತ್ತಲ್ಲ, ಅದಕ್ಕೆ ಆ ಹೆಸರು. ಒಂದಕ್ಕೊಂದು ತಾಳೆಯೇ ಇಲ್ಲ. ಅಪ್ಪಯ್ಯ ಎದ್ದು ಕೊಡೆ ತೆಗೆದುಕೊಂಡರು.

“ಹೆಸರು ಬಿಡು. ನಂಬರ್ ನೋಡು” ಅಂದರು ಮಾವ.

ನೋಡಿದೆ. ಕೊನೆಯಲ್ಲಿ ಮೂವತ್ತೇಳು. ಪಕ್ಕದ ಕಾಲಮ್ಮಿನಲ್ಲೂ ಮೂವತ್ತೇಳು. ಅದರಾಚೆಯದರಲ್ಲೂ! ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ಶೃಂಗೇರೀಲಿ ಬೋರ್ಡ್ ಬದಲಾಯಿಸ್ತಾರೆ, ಅಷ್ಟೆ. ಐದೂ ಕಾಲು ಅನ್ನೋದು ಬರೀ ಗೋಡೆ ಮೇಲೆ ಬರೆದ ಟೈಮು. ಅದು ಇಲ್ಲಿಂದ ಹೋಗಿ ಮುಟ್ಟದೆ ಅಲ್ಲಿಂದ ಹೊರಡೋದು ಹ್ಯಾಗೆ? ತಪ್ಪಿಹೋಗುತ್ತೆ ಅಂತ ಅಳ್ತಿದ್ದೀಯಲ್ಲ, ಆ ಬಸ್ಸಲ್ಲೇ ಕೂತಿರ್ತೀಯಲ್ಲೇ ಮಾರಾಯ್ತಿ.”

ಅಪ್ಪಯ್ಯ ಬೆರಳಿಟ್ಟು ಮೂರು ನಂಬರನ್ನೂ ಎರಡು ಸಲ ಓದಿದರು. ಆಮೇಲೆ, “ಕಾಲೇಜಿನ ಆಫೀಸು ಎಷ್ಟೊತ್ತಿಗೆ ಮುಚ್ತಾರೆ?” ಅಂದರು. ಓಡಿದೆವು. ಆ ಓಟದ ಖುಷಿಯನ್ನು ಮತ್ತೆ ಯಾವ ರಿಸಲ್ಟಿನ ದಿನವೂ ಕಾಣಲಿಲ್ಲ.

ಮೂರು ವರ್ಷ ಅದೇ ಬಸ್ಸಿನಲ್ಲಿ ಓಡಾಡಿದೆ. ನಾನು ಹತ್ತಿದೆನೋ ಇಲ್ಲವೋ ಅಂತ ಮಾವ ಅಂಗಡಿಯಿಂದಲೇ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಆಮೇಲೆ ಬೇರೆ ಊರು, ಕೆಲಸ, ಮದುವೆ… ಹೋಗಿ ಮಾತಾಡಿಸಬೇಕು ಅಂದುಕೊಂಡೇ ಕಳೆದೆ. ನನ್ನದೇ ಸೋಮಾರಿತನ, ಇನ್ನೇನು.

ಈ ಭಾನುವಾರ ಕೊಪ್ಪಕ್ಕೆ ಹೋದೆ. ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ ನಡೆದಿತ್ತು. ಪಕ್ಕದ ಚಹಾದಂಗಡಿಯವರನ್ನು ವಿಚಾರಿಸಿದೆ. ಮಾವ ಎರಡು ಮಳೆಗಾಲದ ಹಿಂದೆಯೇ ತೀರಿಕೊಂಡರಂತೆ. ಚಹಾದಂಗಡಿಯವರು ನನ್ನನ್ನೇ ನೋಡುತ್ತಾ ಹೇಳಿದರು.

“ಕೆರೆಕಟ್ಟೆಯ ಒಂದು ಕೂಸಿಗೆ ಬಸ್ ಹುಡುಕಿ ಕೊಟ್ಟೆ, ಈಗ ಅದು ಎಲ್ಲೋ ದೊಡ್ಡ ಕೆಲಸದಲ್ಲಿರಬೇಕು ಅಂತ ಎಲ್ರ ಹತ್ರಾನೂ ಹೇಳೋರು. ಅದರ ಹೆಸರು ಕೇಳೋಕೆ ಮರೆತೆ ಅಂತ ಬೇಜಾರು ಮಾಡ್ಕೊಳ್ಳೋರು. ನೀವೇನಾ ಅದು?”

ಹೌದು, ನಾನೇ ಅಂದೆ. ನನ್ನ ಹೆಸರನ್ನೂ ಹೇಳಿದೆ, ಕೇಳಬೇಕಾದವರು ಅಲ್ಲಿರಲಿಲ್ಲ.