ಬೆಚ್ಚಗಿದ್ದ ಬಣವೆ

ಬೆಳಗಿನ ಕಾಫಿ ಲೋಟ ಹಿಡಿದು, ಹಿತ್ತಲಿನ ರಾಗಿಹುಲ್ಲಿನ ಬಣವೆಗೆ ಬೆನ್ನು ಕೊಟ್ಟು ನಿಲ್ಲುವ ಸುಖ ನಿಮಗೆ ಗೊತ್ತಿದೆಯೋ ಇಲ್ಲವೋ ಕಾಣೆ. ನಿವೃತ್ತನಾಗಿ ಬಾಗೂರಿಗೆ ಬಂದ ಮೇಲೆ ನನಗೆ ದಕ್ಕಿದ ದೊಡ್ಡ ಐಶ್ವರ್ಯ ಅದೇ. ಈ ಸಲವಂತೂ ಬೆನ್ನಿಗೆ ಹಿತವಾದ ಶಾಖ ಬೇರೆ. ಹಾಸನದ ಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದ ಬಾಯಿ ಸುಮ್ಮನಿರುತ್ತದೆಯೇ? ಬಿಸಿಲನ್ನು ಹುಲ್ಲು ರಾಸಾಯನಿಕ ಶಕ್ತಿಯಾಗಿ ಬಚ್ಚಿಟ್ಟುಕೊಳ್ಳುತ್ತದೆ, ಹಸು ಅದನ್ನು ಮೆದ್ದು ಹಾಲು ಮಾಡುತ್ತದೆ, ಆ ಹಾಲು ಕಾಫಿಗೆ ಬಿದ್ದು ನನ್ನನ್ನು ಎಬ್ಬಿಸಿ ನಿಲ್ಲಿಸುತ್ತದೆ. ಸೌದೆ, ಗ್ಯಾಸು, ಟಾರ್ಚಿನ ಸೆಲ್ಲು, ತಟ್ಟೆಯ ಮುದ್ದೆ, ಎಲ್ಲವೂ ಇದೇ ಶಕ್ತಿಯ ಸಂಸಾರ ಎಂದು ನನ್ನೆರಡು ಹಸುಗಳಿಗೇ ಪಾಠ ಒಪ್ಪಿಸುತ್ತಿದ್ದೆ. ಅವು ತಲೆಯಾಡಿಸುತ್ತಿದ್ದವು.

ಬಣವೆ ಒಟ್ಟಿ ಹದಿನೈದು ದಿನವಾಗಿರಬೇಕು. ಮಜ್ಜಿಗೆಗೆಂದು ಬಂದ ಪಕ್ಕದ ಮನೆಯ ತಾಯಮ್ಮ, ಊರಿನ ಅರ್ಧ ಬಣವೆಗಳನ್ನು ತನ್ನ ಕೈಯಾರೆ ಒಟ್ಟಿದವಳು, ಹಿತ್ತಲಲ್ಲಿ ನಿಂತು ಮೂಗರಳಿಸಿದಳು.

“ಸಾ, ಬಣವೇಲಿ ಒಗೆಸೊಪ್ಪಿನ ವಾಸ್ನೆ ಬತ್ತೈತೆ. ಆರೆಕೋಲು ಕೊಡಿ ಇತ್ಲಾಗೆ.”

ನಾನು ತಂದ ಹಾರೆಕೋಲನ್ನು ಬಣವೆಯ ಹೊಟ್ಟೆಗೆ ತೂರಿಸಿ, ಎಲೆಅಡಿಕೆ ಮೆಲ್ಲುವಷ್ಟು ಹೊತ್ತು ಬಿಟ್ಟು ಎಳೆದು, ಮುಟ್ಟಿ ನೋಡಿ ಎಂದಳು. ಮುಟ್ಟಿದೆ. ಅಪ್ಪಾ! ಬೆರಳು ಚುರುಕ್ಕೆಂದಿತು.

“ಒಳ್ಗೇ ಬೇಯ್ತಾ ಐತೆ ಕಣ್ ಸಾ. ಅಂಗೇ ಬಿಟ್ರೆ ಅತ್ಕೊಂಡ್ಬುಡ್ತದೆ!”

ಮೋಡಕ್ಕೆ ಹೆದರಿ, ಇನ್ನೂ ಹಸಿಯಿದ್ದ ಹುಲ್ಲನ್ನು ಆತುರಾತುರವಾಗಿ ಒಟ್ಟಿಸಿದವನು ನಾನೇ. ಹಸಿ ಹುಲ್ಲು ಒಳಗೊಳಗೇ ಕೊಳೆಯುತ್ತ ಬಚ್ಚಿಟ್ಟ ಶಕ್ತಿಯನ್ನು ಶಾಖವಾಗಿ ಬಿಡುತ್ತದೆ, ಶಾಖಕ್ಕೆ ಹೊರದಾರಿಯಿಲ್ಲದಿದ್ದರೆ ಕಡ್ಡಿ ಗೀರದೆಯೇ ಬೆಂಕಿ ಹುಟ್ಟುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ! ಬಣವೆಯ ಮಗ್ಗುಲಲ್ಲೇ ಕೊಟ್ಟಿಗೆ, ಕೊಟ್ಟಿಗೆಗೆ ಅಂಟಿಕೊಂಡೇ ಮನೆ.

ಹಸುಗಳನ್ನು ಬಿಚ್ಚಿ ದೂರ ಕಟ್ಟಿದೆವು. ಬೀದಿಯ ನಾಲ್ಕು ಜನ ಕೊಡ, ಡ್ರಮ್ಮುಗಳಲ್ಲಿ ನೀರು ತುಂಬಿಟ್ಟುಕೊಂಡು ಮೇಲಿನಿಂದ ಪದರ ಪದರವಾಗಿ ಹುಲ್ಲು ಇಳಿಸಿದರು; ಬಿಸಿ ಕಂಡಲ್ಲೆಲ್ಲ ತಾಯಮ್ಮ ನೀರು ಹೊಯ್ದಳು. ನಡುವಿನ ಹುಲ್ಲು ಕಾಫಿಪುಡಿಯ ಬಣ್ಣಕ್ಕೆ ತಿರುಗಿ ಹಬೆಯಾಡುತ್ತಿತ್ತು; ಕಿಡಿ ಮಾತ್ರ ಹುಟ್ಟಿರಲಿಲ್ಲ. ಕೊನೆಯ ಪದರವೂ ಇಳಿದಾಗ, ಬದುಕಿದೆಯಾ ಬಡಜೀವವೇ ಎಂದು ಅಲ್ಲೇ ನೆಲದ ಮೇಲೆ ಕುಸಿದು ಕುಳಿತೆ. ಗಾಡಿಯಷ್ಟು ಹುಲ್ಲು ಹಾಳಾದದ್ದಕ್ಕೆ ಎಳ್ಳಷ್ಟೂ ದುಃಖವಾಗಲಿಲ್ಲ.

“ಒಟ್ಟೋ ದಿನಾನೇ ಒಂದು ಮಾತು ಹೇಳೋದಲ್ವಾ ತಾಯಮ್ಮ?” ಎಂದೆ, ಸ್ವಲ್ಪ ಮುನಿಸಿನಿಂದಲೇ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಯೋಳಿದ್ನಲ್ಲ ಸಾ, ಇನ್ನೆರಡು ಬಿಸ್ಲು ಬೇಕು ಅಂತ. ನೀವು ನಕ್ಬುಟ್ರಿ.”

ಹೌದು, ನಕ್ಕಿದ್ದೆ. ಇಷ್ಟು ಹೊತ್ತು ಇಷ್ಟೆಲ್ಲ ಹೇಳಿದ ನಾನು, ಅದೊಂದನ್ನು ನಿಮ್ಮಿಂದಲೂ ಮುಚ್ಚಿಟ್ಟಿದ್ದೆ.