ಹೆಪ್ಪುಗಟ್ಟಿದ ಜಲಪಾತವೂ ನನ್ನ ಕಾಲು ನೋವೂ

ಇಂಚರಾ, ನಿಖಿಲ್, ಇವತ್ತು ಬೆಳಿಗ್ಗೆ ಮಂಡಿಗೆ ಸುತ್ತಿಕೊಳ್ಳಲು ಬಟ್ಟೆ ಹುಡುಕುತ್ತಿದ್ದೆ. ಸೂಟ್‌ಕೇಸಿನ ತಳದಲ್ಲಿ ಕಂದು ಬಣ್ಣದ, ಎಳೆದರೆ ಉದ್ದವಾಗುವ ಒಂದು ಪಟ್ಟಿ ಸಿಕ್ಕಿತು. ಅದರ ತುದಿಯಲ್ಲಿ ಇನ್ನೂ ಕೆಂಪು ಕಲೆಯಿದೆ. ಗಾಬರಿಯಾಗಬೇಡಿ, ರಕ್ತವಲ್ಲ, ಕುಂಕುಮ. ಅದನ್ನು ರಕ್ತವೆಂದು ನಂಬಿದ ಒಬ್ಬ ಒಳ್ಳೆಯ ಹೆಂಗಸಿನಿಂದಲೇ ಈ ಪಟ್ಟಿ ನನ್ನದಾಯಿತು.

ಆಗ ತೊಂಬತ್ತರ ದಶಕ. ನಿಮ್ಮ ತಾತ ತೀರಿಕೊಂಡು ವರ್ಷವಾಗಿತ್ತು. ಇಂಚರಾ, ನೀನಿನ್ನೂ ಹಲ್ಲು ಬಾರದ ಕೂಸು. ನಿನ್ನನ್ನು ನೋಡಿಕೊಳ್ಳಲು ಅಮೆರಿಕದ ಈ ಶ್ಯಾಂಟಿಲಿಗೆ ಬಂದಿದ್ದೆ. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು. ನನ್ನ ಇಂಗ್ಲಿಷೆಂದರೆ 'ನೋ' ಮತ್ತು 'ಥ್ಯಾಂಕ್ಯೂ'. ಅವೆರಡನ್ನೂ ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಕನ್ನಡದಲ್ಲಿ ಮಹಾ ಮಾತುಗಾರ್ತಿಯಾಗಿದ್ದೆ ಎಂದುಕೊಳ್ಳಬೇಡಿ.

ಸಂಕ್ರಾಂತಿಯ ವಾರ ನಿಮ್ಮಪ್ಪನ ಸ್ನೇಹಿತ ಗೋಪಿನಾಥ ಮನೆಗೆ ಬಂದ. "ಬೆಟ್ಟದಲ್ಲಿ ವಾಟರ್‌ಫಾಲ್ ಪೂರ್ತಿ ಫ್ರೀಜ್ ಆಗಿದೆಯಂತೆ. ಹೈಕ್ ಮಾಡೋಣ, ನೀವೂ ಬನ್ನಿ ಆಂಟಿ," ಎಂದ. ಬೀಳುವ ನೀರು ಬೀಳುತ್ತಲೇ ನಿಂತುಬಿಡುವುದೇ? ನಮ್ಮೂರಲ್ಲಿ ನೀರು ನಿಲ್ಲುವುದು ನಲ್ಲಿಯಲ್ಲಿ ಮಾತ್ರ. ಅದನ್ನು ಒಮ್ಮೆ ಮುಟ್ಟಿ ನೋಡಬೇಕೆಂದು ಎಂಥ ಆಸೆಯಾಯಿತೆಂದರೆ, ಯಾರಿಗೂ ಹೇಳಲಿಲ್ಲ.

ಗೋಪಿನಾಥ ಹಿಮಾಲಯಕ್ಕೆ ಹೊರಟವನಂತೆ ಬಂದ. ಹೊಸ ಬೂಟು, ಕೈಗೊಂದು ಕೋಲು, ಕೊರಳಲ್ಲಿ ದಿಕ್ಸೂಚಿ. ದಾರಿ ಇದ್ದದ್ದೇ ಒಂದು. ಆದರೂ ತಿರುವಿಗೊಮ್ಮೆ ದಿಕ್ಸೂಚಿ ನೋಡಿ ತಲೆಯಾಡಿಸುತ್ತಿದ್ದ. ಅವನ ಹೆಂಡತಿ ವಸುಧಾ ಮೊಸರನ್ನ ಕೆಡದಂತೆ ಕೂಲರಿನಲ್ಲಿ ಐಸ್ ತುಂಬಿ ತಂದಿದ್ದಳು, ಆ ಚಳಿಯಲ್ಲಿ! ನಾನು ಸೀರೆಯೊಳಗೆ ನಿಮ್ಮಪ್ಪನ ಉಣ್ಣೆ ಪ್ಯಾಂಟು, ತಲೆಗೆ ಮಂಕಿ ಟೋಪಿ ಹಾಕಿದ್ದೆ. ನಗುವವರು ನಗಲಿ, ಎಲ್ಲರಿಗಿಂತ ಮೊದಲು ಮೇಲೆ ತಲುಪಿದವಳು ನಾನೇ.

ಯಾರೋ ಬಿಳಿ ಪಂಚೆಗಳನ್ನು ಒಗೆದು, ಬಂಡೆಯ ಮೇಲಿಂದ ಇಳಿಬಿಟ್ಟು, ಹಿಂಡುವುದನ್ನು ಮರೆತು ಹೋದಂತೆ ಕಾಣುತ್ತಿತ್ತು ಜಲಪಾತ. ಹತ್ತಿರ ಹೋಗಬೇಕು ಅನ್ನುವಷ್ಟರಲ್ಲಿ ವಸುಧಾ ಅರಿಶಿನ ಕುಂಕುಮ ತೆಗೆದಳು. "ಸಂಕ್ರಾಂತಿ ಅಲ್ವಾ, ಗಂಗೆ ಪೂಜೆ ಮಾಡಿ ಬಾಗಿನ ಬಿಟ್ಬಿಡೋಣ," ಎಂದಳು. ಜೊತೆಗೆ ಬಂದಿದ್ದ ಇನ್ನಿಬ್ಬರು ಹೆಂಗಸರು ತಲೆಗೆ ಸೆರಗಿನ ಬದಲು ಜಾಕೆಟಿನ ಟೋಪಿ ಎಳೆದುಕೊಂಡರು. ಆಮೇಲೆ ಮೂವರೂ ನನ್ನನ್ನು ನೋಡಿದರು.

"ಆಂಟೀ, ನಿಮಗೆ ಕಾಲು ನೋವಲ್ವಾ? ಪಾಪ, ಆ ಬಂಡೆ ಮೇಲೆ ಕೂತು ರೆಸ್ಟ್ ತಗೊಳ್ಳಿ," ಎಂದಳು ವಸುಧಾ.

ನನಗೆ ಕಾಲು ನೋವಿರಲಿಲ್ಲ. ಊರಿನಲ್ಲಾದರೆ ಮುತ್ತೈದೆಯರ ಪೂಜೆಗೆ ಗಂಡನಿಲ್ಲದವಳು ಬಂದಾಗ 'ಆಚೆ ಇರಿ' ಎಂದುಬಿಡುತ್ತಾರೆ. ಅಮೆರಿಕದಲ್ಲಿ ಅಂಥ ಮೂಢನಂಬಿಕೆಗಳಿಲ್ಲ. ಅಲ್ಲಿ ವಿಧವೆಯರಿಗೆ ಕಾಲು ನೋವಿರುತ್ತದೆ. ಹೋಗಿ ಕುಳಿತೆ.

ಥರ್ಮಾಸಿನ ಬಿಸಿನೀರಿನಲ್ಲಿ ಗಂಗೆಗೆ ಅಭಿಷೇಕವಾಯಿತು. ಕುಂಕುಮ ಕರಗಿ ಐಸಿನ ಮೇಲೆಲ್ಲ ಕೆಂಪಗೆ ಇಳಿಯಿತು. ಮೊರ ಸಿಗದೆ ಎರಡು ಅಲ್ಯೂಮಿನಿಯಂ ತಟ್ಟೆಗಳ ನಡುವೆ ಕಟ್ಟಿದ್ದ ಬಾಗಿನವನ್ನು ಬಿಟ್ಟರು. ಹರಿಯುವ ಗಂಗೆಯಾದರೆ ಒಯ್ಯುತ್ತಿದ್ದಳು. ಇದು ಜಾರಿಕೊಂಡು ವಸುಧಾಳ ಕಾಲಿಗೇ ವಾಪಸು ಬಂತು. ಮತ್ತೆ ಬಿಟ್ಟರು, ಮತ್ತೆ ಬಂತು.

"ಸ್ವಲ್ಪ ಜೋರಾಗಿ ಪುಶ್ ಮಾಡೇ!"

"ನೀವೇ ಮಾಡ್ರೀ, ಅಷ್ಟು ದೊಡ್ಡ ಬೂಟು ಹಾಕ್ಕೊಂಡು ಬಂದಿದ್ದೀರಲ್ಲ!"

ಅಷ್ಟರಲ್ಲಿ ವಯಸ್ಸಾದ ಅಮೆರಿಕನ್ ದಂಪತಿ ಹತ್ತಿ ಬಂದರು. ಐಸಿನ ಮೇಲಿನ ಕೆಂಪನ್ನು ನೋಡಿ ಆ ಹೆಂಗಸು "ಓ ಮೈ ಗಾಡ್!" ಎಂದು ಅದನ್ನು ಮುಟ್ಟಿದಳು. ಗೋಪಿನಾಥ "ಪ್ರೇಯರ್, ಪ್ರೇಯರ್" ಎಂದ. ಅವಳ ಕಣ್ಣು ಒಂಟಿಯಾಗಿ ಕೂತ ನನ್ನ ಮೇಲೆ ಬಿತ್ತು. ಆಕೆ ಯಾಕೆ ಅಲ್ಲಿ ಕೂತಿದ್ದಾಳೆ ಎಂದು ಕೇಳಿದಳಂತೆ. ನಿಜವಾದ ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳಲು ಯಾರಿಗೂ ಬರಲಿಲ್ಲ. ಕೊನೆಗೆ ವಸುಧಾ, "ಲೆಗ್ ಪೇನ್," ಎಂದಳು.

ಮುಗಿಯಿತು. ಆ ಪುಣ್ಯಾತ್ಗಿತ್ತಿ ಓಡಿಬಂದು ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಕುಂಕುಮದ ಕೈಯಲ್ಲೇ ಚೀಲದಿಂದ ಈ ಪಟ್ಟಿ ತೆಗೆದು ಸುತ್ತತೊಡಗಿದಳು. ಅವಳ ಗಂಡ ಸ್ಟ್ರೆಚರ್ ತರಿಸಲು ಹೊರಟ. ಹಿಂದೆ ಉಳಿದು, ಇಂಚರಾ, ನಿನ್ನ ಡೈಪರ್ ಬದಲಿಸುತ್ತಿದ್ದ ನನ್ನ ಮಗಳು, ನಿಮ್ಮಮ್ಮ ಸುಮಾ, ಏದುಸಿರು ಬಿಡುತ್ತಾ ಬಂದಳು.

"ಅಮ್ಮಾ, ಕಾಲು ನೋವು ಅಂತ ನಂಗ್ಯಾಕೆ ಹೇಳ್ಲಿಲ್ಲ? ಇನ್ಮೇಲೆ ನೀನು ಎಲ್ಲೂ ಬರೋದು ಬೇಡ, ಮನೇಲೇ ಇರು!"

ಬಂಡೆಯ ಮೇಲೆ ಕೂರಿಸಿದ್ದನ್ನು ಸಹಿಸಿದ್ದೆ. ಮನೆಯಲ್ಲೇ ಕೂರಿಸುತ್ತಾರೆ ಎಂದಾಗ ಎಲ್ಲಿಂದಲೋ ದನಿ ಬಂತು.

"ನಂಗೆ ಕಾಲು ನೋವಿಲ್ಲ ಕಣೇ. ನಿಮ್ಮಪ್ಪ ಇಲ್ಲ, ಅಷ್ಟೇ."

ನಾನು ಎದ್ದು ಆ ಹೆಂಗಸಿಗೆ "ನೋ, ಥ್ಯಾಂಕ್ಯೂ" ಎಂದೆ. ನನ್ನ ಇಂಗ್ಲಿಷ್ ಪೂರ್ತಿ ಖರ್ಚಾಯಿತು. ಪಟ್ಟಿಯ ತುದಿಯನ್ನು ಬಾಲದಂತೆ ಎಳೆಯುತ್ತಾ ಪೂಜೆಯ ನಡುವಿನಿಂದಲೇ ನಡೆದು, ಕೈಗವಸು ಕಳಚಿ ಜಲಪಾತವನ್ನು ಮುಟ್ಟಿದೆ. ಬೆಂಕಿ ಮುಟ್ಟಿದಂತೆ ಚುರ್ರೆಂದಿತು. ಕಿವಿ ಇಟ್ಟು ಕೇಳಿದೆ. ಒಳಗೆಲ್ಲೋ ನೀರು ಗೊಣಗುತ್ತಿತ್ತು.

"ಹರೀತಾ ಇದೆ," ಎಂದೆ. "ಇಲ್ಲೊಂದು ಸಂದಿದೆ. ಬಾಗಿನ ಕೊಡಮ್ಮ, ತಟ್ಟೆ ಬೇಡ, ಅಕ್ಕಿ ಬಿಡೋಣ."

ವಸುಧಾ ಒಂದು ಗಳಿಗೆ ಗಂಡನ ಮುಖ ನೋಡಿದಳು. ಅವನು ದಿಕ್ಸೂಚಿ ನೋಡುತ್ತಿದ್ದ. ಅವಳು ಕೊಟ್ಟಳು. ಮೊಸರನ್ನ ಇಟ್ಟಿಗೆಯಾಗಿತ್ತು, ಮಧ್ಯಾಹ್ನ ಎಲ್ಲರೂ ಅದನ್ನು ಕೆರೆದು ತಿನ್ನುವಾಗ ಅವಳೇ ನನ್ನ ಪಕ್ಕ ಬಂದು ಕುಳಿತಳು.

ಈಗ ನನಗೆ ಕಾಲು ನೋವು ನಿಜವಾಗಿ ಬಂದಿದೆ. ಭಾನುವಾರದ ಹೈಕಿಗೆ "ಅಜ್ಜಿ, ಯು ರೆಸ್ಟ್" ಎಂದಿರಿ. ನಿಮ್ಮ ಮಾತಿನಲ್ಲಿ ಬೇರೆ ಅರ್ಥವಿಲ್ಲ, ಬಲ್ಲೆ. ಆದರೂ ಪಟ್ಟಿಯನ್ನು ಬಿಗಿಯಾಗಿ ಸುತ್ತಿಕೊಂಡಿದ್ದೇನೆ. ಕಾರಿನಲ್ಲಿ ನನಗೊಂದು ಸೀಟಿರಲಿ. ಈ ಹಾಳೆಗಳನ್ನೂ ಜೋಪಾನ ಮಾಡಿ, ಮೊಸರನ್ನದ ಡಬ್ಬಿಯ ಕೆಳಗೆ ಹಾಸಬೇಡಿ.