ಕಾಳಮ್ಮನ ಗೇಣು

ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಕುಶಾಲನಗರದಾಚೆಯ ಮನೆಯ ಜಗಲಿಯಲ್ಲಿ ಕಾಳಮ್ಮ ಅಕ್ಕಿ ಆರಿಸುತ್ತಿದ್ದಳು. ಕೈ ಮೊರದಲ್ಲಿತ್ತು, ಮನಸ್ಸು ಗಾಳಿಯ ಜೊತೆಗಿತ್ತು. ಗಾಳಿಯಲ್ಲಿ ಕಾಫಿ ಹೂವಿನ ಪರಿಮಳ.

ಅಂಗಳದಲ್ಲಿ ಪಿಕಪ್ ಗಾಡಿಯ ಅಡಿಯಿಂದ ಮಗ ನಂದೀಶನ ಕಾಲುಗಳಷ್ಟೇ ಕಾಣುತ್ತಿದ್ದವು. ಎರಡೂ ಬದಿಯ ಬಾಗಿಲ ಕೆಳಗೆ ಒಂದೊಂದು ಮೆಟ್ಟಿಲು ಇಟ್ಟು ಬೋಲ್ಟ್ ಬಿಗಿಯುತ್ತಿದ್ದ.

ಪ್ರಾಯದಲ್ಲಿ ಕಾಳಮ್ಮ ನೆಲ್ಯಹುದಿಕೇರಿಯ ಎಸ್ಟೇಟಿಗೆ ಹೋಗುತ್ತಿದ್ದದ್ದು ಲಾರಿಯ ಹಿಂಬದಿಯಲ್ಲಿ. ಹಿಂದಕ್ಕೆ ಮುಖಮಾಡಿ ಕೂತವಳಿಗೆ ದಾರಿಯುದ್ದದ ಬಿಳಿ ಹೂವೆಲ್ಲ ದೂರ ಸರಿಯುತ್ತಲೇ ಕಂಡಿತ್ತು. ಒಮ್ಮೆಯಾದರೂ ಮುಂದಿನ ಸೀಟಿನಲ್ಲಿ ಕೂತು, ಆ ಬಿಳುಪು ತನ್ನ ಕಡೆಗೇ ಬರುವುದನ್ನು ನೋಡುವ ಆಸೆ. ಮಗನ ಗಾಡಿಯ ಮುಂದಿನ ಸೀಟೇನೋ ಈಗ ಅಂಗಳದಲ್ಲೇ ಇತ್ತು. ಹತ್ತಲು ಮಂಡಿ ಮಾತು ಕೇಳುತ್ತಿರಲಿಲ್ಲ. ನಾಳೆಗೆ ಹೂವು ಕಂದಿಬಿಡುತ್ತದೆ.

“ಬಾರವ್ವ, ಹತ್ತು.”

ಕಾಳಮ್ಮ ಬಾಗಿಲ ಹಿಡಿಯನ್ನು ಭದ್ರವಾಗಿ ಹಿಡಿದು ಕಾಲೆತ್ತಿದಳು. ಪಾದ ಮೆಟ್ಟಿಲಿನ ಅಂಚಿಗೆ ತಗುಲಿ ಕೆಳಗಿಳಿಯಿತು. ಮತ್ತೆ ಎತ್ತಿದಳು. ಆಗಲಿಲ್ಲ.

“ಬಿಡು, ನಾನೇ ಎತ್ತಿ ಕೂರಿಸ್ತೀನಿ.”

“ಮೂಟೆ ಏನ್ಲಾ ನಾನು?”

“ಎಷ್ಟು ಗೇಣು ಹತ್ತೀಯ ಅಂತ ರಾತ್ರಿ ಕೇಳಿದ್ನಲ್ಲ? ನೀನು ಹೇಳಿದಷ್ಟೇ ಎತ್ತರಕ್ಕೆ ಅಳ್ದು ಹಾಕಿದ್ದೀನಿ.”

“ಯಾರ ಗೇಣ್ಲಾ?”

ನಂದೀಶ ತನ್ನ ಹಸ್ತ ಅಗಲಿಸಿ ತೋರಿಸಿದ. ಕಾಳಮ್ಮ ಅವನ ಹೆಬ್ಬೆರಳಿಗೆ ತನ್ನ ಹೆಬ್ಬೆರಳು ಸೇರಿಸಿ ಅಂಗೈ ಚಾಚಿದಳು. ಅವಳ ಕಿರುಬೆರಳು ಅವನದಕ್ಕಿಂತ ಎರಡು ಬೆರಳಷ್ಟು ಹಿಂದೆಯೇ ನಿಂತಿತು.

“ನಿಂದು ನಿಮ್ಮಪ್ಪನ ಕೈ ಕಣ್ಲಾ, ಮೊರ ಇದ್ದಂಗೆ. ಹತ್ತೋ ಕಾಲು ಮಾತ್ರ ನಂದು!”

ನಂದೀಶ ನಕ್ಕ. ಅವಳ ಕೈಯನ್ನೇ ಹಿಡಿದು ನೆಲದಿಂದ ಸೀಟಿನ ಬುಡದವರೆಗೆ ಗೇಣು ಹಾಕಿಸಿದ. ಅವಳ ಲೆಕ್ಕಕ್ಕೆ ಒಂದು ಮೆಟ್ಟಿಲು ಸಾಲದು, ಎರಡು ಬೇಕು. ನಂದೀಶ ಆ ಬದಿಗೆ ಹೋಗಿ, ತನ್ನ ಬಾಗಿಲಿನ ಕೆಳಗಿದ್ದ ಮೆಟ್ಟಿಲನ್ನು ಬಿಚ್ಚಿ ತಂದ. ಅವಳ ಕಡೆಯದನ್ನು ಸ್ವಲ್ಪ ಮೇಲೇರಿಸಿ, ಅದರ ಕೆಳಗೆ ಇದನ್ನು ಸೇರಿಸಿ ಬಿಗಿದ.

“ನಿಂಗೆ ಬ್ಯಾಡ್ವೇನ್ಲಾ?”

“ನಾನು ಹಾರಿ ಕೂರ್ತೀನಿ, ಹತ್ತವ್ವ.”

ಒಂದು ಮೆಟ್ಟಿಲು. ಇನ್ನೊಂದು. ಕಾಳಮ್ಮ ಸೀಟಿನಲ್ಲಿದ್ದಳು.

ನೆಲ್ಯಹುದಿಕೇರಿ ಸಮೀಪಿಸಿದಂತೆ ನಂದೀಶ ಗಾಡಿಯನ್ನು ನಿಧಾನಿಸಿದ. ಮಂಜಿನೊಳಗಿಂದ ಬಿಳುಪು ಎದ್ದುಬಂತು. ಹತ್ತಿರ ಬಂತು, ಗಾಜಿನ ತುಂಬ ಹರಡಿತು, ಎರಡೂ ಕಡೆಗೆ ಸೀಳಿಕೊಂಡು ಹರಿಯಿತು. ಮಗ ಏನೋ ಕೇಳಿದ, ಅವಳಿಗೆ ಕೇಳಿಸಲಿಲ್ಲ. ಕಿಟಕಿಯಿಂದ ಒಂದು ಎಸಳು ಹಾರಿಬಂದು ಮಡಿಲಿಗೆ ಬಿತ್ತು. ಅದನ್ನೆತ್ತಿ ಅಂಗೈಯಲ್ಲಿಟ್ಟುಕೊಂಡಳು. ಪುಟ್ಟ ಅಂಗೈ. ಆ ಕೈಯ ಗೇಣನ್ನೇ ನಂಬಿ ರಾತ್ರಿ ಅವಳು ಹೇಳಿದ್ದ ಲೆಕ್ಕ ಸರಿಯಾಗಿಯೇ ಇತ್ತು: ಒಂದೂವರೆ ಗೇಣು.